ಚುನಾವಣಾ ವಿವಾದಗಳು ಮತ್ತು ನ್ಯಾಯಾಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆಯ ಕಾಲ ಬಂದಾಗಲೆಲ್ಲ ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮರಳಿ ಮರಳಿ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಉತ್ತರಗಳನ್ನು ಬರೆಯುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು: ಭಾರತದಲ್ಲಿ ಚುನಾವಣಾ ದೂರಿನ ಹಣೆಬರಹವನ್ನು ಅದರ ತೂಕಕ್ಕಿಂತ ಹೆಚ್ಚಾಗಿ ಅದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಹೊತ್ತು ನಿರ್ಧರಿಸುತ್ತದೆ.

## ಆರಂಭದ ಪ್ರಶ್ನೆಗಳು

ಚುನಾವಣೆ ನಡೆಸಲು ಆಯೋಗ ಇದೆಯಲ್ಲ, ಮತ್ತೆ ಕೋರ್ಟಿಗೇನು ಕೆಲಸ?

ಸಂವಿಧಾನದ 324ನೇ ವಿಧಿಯು ಮತದಾರರ ಪಟ್ಟಿಯ ತಯಾರಿ ಮತ್ತು ಚುನಾವಣೆಯ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣಗಳನ್ನು ಚುನಾವಣಾ ಆಯೋಗಕ್ಕೆ ಒಪ್ಪಿಸಿದೆ. ಚುನಾವಣೆಯ ಕಾನೂನನ್ನು ರಚಿಸುವ ಅಧಿಕಾರ ಸಂಸತ್ತಿನದು. 1950 ಮತ್ತು 1951ರ ಎರಡು ಪ್ರಜಾಪ್ರಾತಿನಿಧ್ಯ ಕಾಯ್ದೆಗಳು ಅದರ ಬೆನ್ನೆಲುಬು. ನ್ಯಾಯಾಲಯಕ್ಕೆ ಉಳಿಯುವುದು ಎರಡು ಬಗೆಯ ಕೆಲಸ. ಒಂದು, ನಡೆದುಹೋದ ಚುನಾವಣೆ ಕಾನೂನಿನಂತೆ ನಡೆಯಿತೇ ಎಂದು ತೀರ್ಮಾನಿಸುವುದು. ಇನ್ನೊಂದು, ಆ ಕಾನೂನೇ ಸಂವಿಧಾನಕ್ಕೆ ಒಪ್ಪುವಂಥದ್ದೇ ಎಂದು ಪರಿಶೀಲಿಸುವುದು. ಮೊದಲನೆಯದಕ್ಕೆ ದಾರಿ ಚುನಾವಣಾ ತಕರಾರು ಅರ್ಜಿ, ಎರಡನೆಯದಕ್ಕೆ ರಿಟ್ ಅರ್ಜಿ, ಅಂದರೆ ಸಂವಿಧಾನದ ಆಧಾರದಲ್ಲಿ ನೇರವಾಗಿ ಹೈಕೋರ್ಟಿಗೆ ಅಥವಾ ಸುಪ್ರೀಂ ಕೋರ್ಟಿಗೆ ಸಲ್ಲಿಸುವ ಅರ್ಜಿ. ಈ ಎರಡು ದಾರಿಗಳನ್ನು ಬೆರೆಸಿಕೊಂಡು ಬಾಗಿಲಲ್ಲೇ ಸೋತು ಹಿಂತಿರುಗಿದ ಅರ್ಜಿದಾರರು ಕಡಿಮೆಯೇನಿಲ್ಲ.

ನಾಮಪತ್ರವನ್ನು ಅನ್ಯಾಯವಾಗಿ ತಿರಸ್ಕರಿಸಿದ್ದಾರೆ ಎಂದು ಕಣ್ಣಿಗೆ ಕಾಣುತ್ತಿದ್ದರೂ ಕೋರ್ಟು ಅಲ್ಲೇ ತಡೆಯಾಜ್ಞೆ ಏಕೆ ಕೊಡುವುದಿಲ್ಲ?

ಈ ಪ್ರಶ್ನೆ ಗಣರಾಜ್ಯದ ಮೊದಲ ಮಹಾಚುನಾವಣೆಯಷ್ಟೇ ಹಳೆಯದು. ಆಗಿನ ಮದ್ರಾಸ್ ರಾಜ್ಯದ ನಾಮಕ್ಕಲ್ ಕ್ಷೇತ್ರದಲ್ಲಿ ಪೊನ್ನುಸ್ವಾಮಿ ಎಂಬ ಅಭ್ಯರ್ಥಿಯ ನಾಮಪತ್ರವನ್ನು ಚುನಾವಣಾಧಿಕಾರಿ ತಿರಸ್ಕರಿಸಿದರು. ಅವರು ಹೈಕೋರ್ಟಿಗೆ ಹೋದರು, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಬಂದರು. 1952ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರವೇ ಇಂದಿಗೂ ಬುನಾದಿ. 329(ಬಿ) ವಿಧಿಯ ಪ್ರಕಾರ ಶಾಸಕಾಂಗದ ಯಾವ ಚುನಾವಣೆಯನ್ನೂ ತಕರಾರು ಅರ್ಜಿಯ ಮೂಲಕವಲ್ಲದೆ ಬೇರೆ ರೀತಿಯಲ್ಲಿ ಪ್ರಶ್ನಿಸುವಂತಿಲ್ಲ. ಅಲ್ಲಿ ‘ಚುನಾವಣೆ’ ಎಂದರೆ ಮತದಾನದ ದಿನ ಮಾತ್ರವಲ್ಲ, ಅಧಿಸೂಚನೆಯಿಂದ ಫಲಿತಾಂಶ ಘೋಷಣೆಯವರೆಗಿನ ಇಡೀ ಪ್ರಕ್ರಿಯೆ. ಆದ್ದರಿಂದ ನಾಮಪತ್ರದ ಹಂತದ ದೂರನ್ನೂ ಫಲಿತಾಂಶ ಬಂದ ಮೇಲೆಯೇ ಹೇಳಿಕೊಳ್ಳಬೇಕು.

ಕೇಳುವವರಿಗೆ ಇದು ಕ್ರೂರವೆನಿಸುವುದು ಸಹಜ. ಆದರೆ ಪ್ರತಿ ಕ್ಷೇತ್ರದಲ್ಲಿಯೂ ತಿರಸ್ಕೃತರಾದವರು ಒಬ್ಬೊಬ್ಬರೇ ತಡೆಯಾಜ್ಞೆ ತರಲು ಸಾಧ್ಯವಾಗಿದ್ದರೆ, ನಿಗದಿತ ದಿನಕ್ಕೆ ಯಾವ ಸದನವೂ ರಚನೆಯಾಗುತ್ತಿರಲಿಲ್ಲ; ಅವಧಿ ಮುಗಿದ ಸರ್ಕಾರಕ್ಕೆ ಅದಕ್ಕಿಂತ ಅನುಕೂಲವಾದ ವ್ಯವಸ್ಥೆ ಇನ್ನೊಂದಿಲ್ಲ. ಇದಕ್ಕೆ ಪ್ರತಿಯಾಗಿ ಕಾನೂನು ಒಂದು ದೊಡ್ಡ ಪರಿಹಾರವನ್ನು ಇಟ್ಟಿದೆ, ಅದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. 1951ರ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಒಂದೇ ಒಂದು ನಾಮಪತ್ರ ಅನುಚಿತವಾಗಿ ತಿರಸ್ಕೃತವಾಗಿದೆ ಎಂದು ಸಾಬೀತಾದರೂ ಗೆದ್ದವರ ಆಯ್ಕೆ ಅಸಿಂಧುವಾಗುತ್ತದೆ. ಆ ವ್ಯಕ್ತಿ ಕಣದಲ್ಲಿದ್ದರೆ ಎಷ್ಟು ಮತ ಪಡೆಯುತ್ತಿದ್ದರು ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಅಧಿಸೂಚನೆ ಹೊರಟ ಮೇಲೆ ಕೋರ್ಟು ಕೈಕಟ್ಟಿ ಕುಳಿತಿರಬೇಕೇ?

ಪೂರ್ತಿಯಾಗಿ ಹಾಗೇನಿಲ್ಲ. 2000ರಲ್ಲಿ ಕೇರಳದ ಮತ ಎಣಿಕೆಗೆ ಸಂಬಂಧಿಸಿದ ಅಶೋಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಚುನಾವಣೆಯನ್ನು ನಿಲ್ಲಿಸುವ, ಮುಂದೂಡುವ ಅಥವಾ ಎಳೆದಾಡುವ ಆದೇಶ ಕೂಡದು; ಚುನಾವಣೆ ಸುಗಮವಾಗಿ ಮುಂದುವರಿಯಲು ನೆರವಾಗುವ ಆದೇಶಕ್ಕೆ, ಸಾಕ್ಷ್ಯ ಅಳಿದುಹೋಗದಂತೆ ಕಾಪಾಡುವ ಆದೇಶಕ್ಕೆ ಅಡ್ಡಿಯಿಲ್ಲ. ಮತಗಟ್ಟೆಯ ಚಿತ್ರೀಕರಣವನ್ನು ಜೋಪಾನವಾಗಿಡಿ ಎನ್ನುವ ಆದೇಶಕ್ಕೂ ಮತದಾನವನ್ನೇ ನಿಲ್ಲಿಸಿ ಎನ್ನುವ ಆದೇಶಕ್ಕೂ ಇರುವ ಅಂತರ ಅದು.

ಆಯೋಗಕ್ಕೂ ಲಂಗುಲಗಾಮಿಲ್ಲದ ಅಧಿಕಾರ ದೊರೆತಿಲ್ಲ. 1977ರ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರದ ಮತ ಎಣಿಕೆ ಗಲಭೆಯಲ್ಲಿ ಕೊನೆಗೊಂಡಾಗ ಆಯೋಗ ಇಡೀ ಕ್ಷೇತ್ರದ ಮತದಾನವನ್ನೇ ರದ್ದುಮಾಡಿ ಮರುಮತದಾನಕ್ಕೆ ಆದೇಶಿಸಿತು. ಗೆಲುವಿನ ಹೊಸ್ತಿಲಲ್ಲಿದ್ದೆ ಎಂದು ವಾದಿಸಿದ ಮೊಹಿಂದರ್ ಸಿಂಗ್ ಗಿಲ್ ಅವರಿಗೆ ಸುಪ್ರೀಂ ಕೋರ್ಟ್ ನಡುವೆ ಪ್ರವೇಶಿಸಲು ಒಪ್ಪದೆ ತಕರಾರು ಅರ್ಜಿಯ ದಾರಿ ತೋರಿಸಿತಾದರೂ, ಎರಡು ಮಾತುಗಳನ್ನು ಖಚಿತವಾಗಿ ಹೇಳಿತು. ಕಾನೂನು ಮೌನವಾಗಿರುವ ಕಡೆ ಮಾತ್ರ ಆಯೋಗದ ವಿಶೇಷಾಧಿಕಾರ ನಡೆಯುತ್ತದೆ. ಆದೇಶ ಹೊರಡಿಸುವಾಗ ಬರೆಯದ ಕಾರಣಗಳನ್ನು ಆಮೇಲೆ ನ್ಯಾಯಾಲಯದಲ್ಲಿ ಪ್ರಮಾಣಪತ್ರದ ಮೂಲಕ ಹೊಸದಾಗಿ ತುಂಬುವಂತಿಲ್ಲ. ಎರಡನೆಯ ಮಾತನ್ನು ಇಂದು ಚುನಾವಣೆಗೆ ಸಂಬಂಧವೇ ಇಲ್ಲದ ಎಷ್ಟೋ ಸರ್ಕಾರಿ ಆದೇಶಗಳ ವಿರುದ್ಧ ವಕೀಲರು ಬಳಸುತ್ತಾರೆ.

ಮತದಾರರ ಪಟ್ಟಿಯಿಂದ ನನ್ನ ಹೆಸರೇ ಹಾರಿಹೋಗಿದೆ. ನೇರವಾಗಿ ಕೋರ್ಟಿಗೆ ಹೋಗಲೇ?

ಮೊದಲು ಮತದಾರರ ನೋಂದಣಾಧಿಕಾರಿಗೆ ಅರ್ಜಿ ಕೊಡಬೇಕು. ಅವರ ನಿರ್ಧಾರದ ವಿರುದ್ಧ ಜಿಲ್ಲಾ ದಂಡಾಧಿಕಾರಿಗೆ, ಅಲ್ಲಿಂದ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಹೆಸರು ಇರಬೇಕೇ ಬೇಡವೇ ಎಂಬುದನ್ನು ಸಿವಿಲ್ ನ್ಯಾಯಾಲಯ ವಿಚಾರಿಸುವಂತಿಲ್ಲ ಎಂದು 1950ರ ಕಾಯ್ದೆಯೇ ಹೇಳುತ್ತದೆ. ಮತದಾನದ ಹಿಂದಿನ ದಿನ ಪಟ್ಟಿ ನೋಡಿ ಗಾಬರಿಯಾಗುವವರಿಗೆ ಈ ಯಾವ ಮೆಟ್ಟಿಲೂ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿ ಬದಲಾಗುವುದಿಲ್ಲ.

ಪಟ್ಟಿಯನ್ನು ಪರಿಷ್ಕರಿಸುವ ವಿಧಾನವೇ ಪ್ರಶ್ನೆಯಾದಾಗ ಮಾತ್ರ ರಿಟ್ ಅರ್ಜಿಗೆ ಅವಕಾಶವಿದೆ. 2025ರಲ್ಲಿ ಬಿಹಾರದ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದಾಗ, ಆ ಹೆಸರುಗಳನ್ನು ಕಾರಣಸಹಿತ ಪ್ರಕಟಿಸುವಂತೆ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಮಧ್ಯಂತರ ಆದೇಶ ನೀಡಿತು. ಪರಿಷ್ಕರಣೆ ನಿಲ್ಲಲಿಲ್ಲ, ಪಾರದರ್ಶಕತೆ ಬಂತು.

## ತಕರಾರು ಅರ್ಜಿಯ ಕುರಿತು

ನಾನು ಸಾಮಾನ್ಯ ಮತದಾರ. ಗೆದ್ದವರ ವಿರುದ್ಧ ನಾನೇ ಕೇಸು ಹಾಕಬಹುದೇ?

ಹಾಕಬಹುದು. ಆ ಕ್ಷೇತ್ರದ ಅಭ್ಯರ್ಥಿಗೆ ಇರುವ ಹಕ್ಕೇ ಅಲ್ಲಿನ ಮತದಾರನಿಗೂ ಇದೆ. ಅರ್ಜಿ ರಾಜ್ಯದ ಹೈಕೋರ್ಟಿಗೆ ಹೋಗಬೇಕು. 1966ರವರೆಗೆ ಇದಕ್ಕೆ ಪ್ರತ್ಯೇಕ ನ್ಯಾಯಮಂಡಳಿಗಳಿದ್ದವು. ಗೆದ್ದವರ ಆಯ್ಕೆ ಘೋಷಣೆಯಾದ ದಿನದಿಂದ 45 ದಿನಗಳ ಗಡುವು, ವೆಚ್ಚದ ಭದ್ರತೆಗೆ 2,000 ರೂಪಾಯಿ ಠೇವಣಿ. ಹಣ ಸಣ್ಣದು, ಗಡುವು ಮಾತ್ರ ಕಬ್ಬಿಣದ ಕಡಲೆ. ಸಾಮಾನ್ಯ ದಾವೆಗಳಲ್ಲಿ ವಿಳಂಬವನ್ನು ಮನ್ನಿಸುವಂತೆ ಇಲ್ಲಿ ಮನ್ನಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 1974ರಲ್ಲಿಯೇ ತೀರ್ಮಾನಿಸಿದೆ. ಕಾಯ್ದೆಯ ಪ್ರಕಾರ ಸೇರಿಸಲೇಬೇಕಾದವರನ್ನು ಪ್ರತಿವಾದಿಗಳನ್ನಾಗಿ ಮಾಡದಿದ್ದರೆ ಅಥವಾ ಠೇವಣಿ ಇಡದಿದ್ದರೆ ವಿಚಾರಣೆಯೇ ಇಲ್ಲದೆ ಅರ್ಜಿ ವಜಾ ಆಗುತ್ತದೆ. ಇಷ್ಟು ಬಿಗಿ ಏಕೆಂದರೆ ನ್ಯಾಯಾಲಯಗಳ ದೃಷ್ಟಿಯಲ್ಲಿ ಚುನಾವಣೆಯನ್ನು ಪ್ರಶ್ನಿಸುವ ಹಕ್ಕು ಮೂಲಭೂತ ಹಕ್ಕಲ್ಲ, ಕಾಯ್ದೆ ಕೊಟ್ಟ ಹಕ್ಕು. ಕಾಯ್ದೆ ಹೇಳಿದ ಅಳತೆಯಲ್ಲಿಯೇ ಅದನ್ನು ಬಳಸಬೇಕು.

ಎದುರಾಳಿ ದುಡ್ಡು ಹಂಚಿದ್ದು ಇಡೀ ಊರಿಗೇ ಗೊತ್ತು. ಅಷ್ಟು ಸಾಲದೇ?

ಸಾಲದು. ಮತದಾರರಿಗೆ ಲಂಚ, ಅನುಚಿತ ಪ್ರಭಾವ, ಧರ್ಮ ಅಥವಾ ಜಾತಿಯ ಹೆಸರಿನಲ್ಲಿ ಮತಯಾಚನೆ, ಸರ್ಕಾರಿ ನೌಕರರ ನೆರವು, ಮಿತಿ ಮೀರಿದ ವೆಚ್ಚ ಮುಂತಾದವನ್ನು 123ನೇ ಸೆಕ್ಷನ್ ‘ಭ್ರಷ್ಟ ಆಚರಣೆ’ ಎಂದು ಪಟ್ಟಿ ಮಾಡಿದೆ. ಇವು ಸಾಬೀತಾದರೆ ಸ್ಥಾನ ಹೋಗುವುದರ ಜೊತೆಗೆ ಆರು ವರ್ಷಗಳವರೆಗೆ ಅನರ್ಹತೆಯೂ ಬರಬಹುದು. ಆದ್ದರಿಂದಲೇ ನ್ಯಾಯಾಲಯಗಳು ಕ್ರಿಮಿನಲ್ ಪ್ರಕರಣದಲ್ಲಿ ಕೇಳುವಷ್ಟೇ ಗಟ್ಟಿಯಾದ ಸಾಕ್ಷ್ಯ ಕೇಳುತ್ತವೆ. ಯಾರು, ಯಾರಿಗೆ, ಯಾವ ದಿನ, ಎಲ್ಲಿ ಕೊಟ್ಟರು ಎಂಬ ವಿವರ ಅರ್ಜಿಯಲ್ಲಿಯೇ ಇರಬೇಕು. ಊರ ಮಾತು ಸಾಕ್ಷ್ಯವಾಗುವುದಿಲ್ಲ.

ಇಲ್ಲಿ ಇನ್ನೊಂದು ಭೇದವಿದೆ. ಎಣಿಕೆಯ ಲೋಪ, ಕಾನೂನುಬಾಹಿರ ಮತಗಳ ಸ್ವೀಕಾರ, ನಿಯಮ ಪಾಲನೆಯಲ್ಲಿನ ಕೊರತೆ ಇಂಥ ದೂರುಗಳಿದ್ದರೆ, ಅದರಿಂದ ಫಲಿತಾಂಶವೇ ಗಣನೀಯವಾಗಿ ಬಾಧಿತವಾಯಿತು ಎಂದೂ ತೋರಿಸಬೇಕು. ಅಭ್ಯರ್ಥಿಯೇ ಅಥವಾ ಅವರ ಚುನಾವಣಾ ಏಜೆಂಟರೇ ಭ್ರಷ್ಟ ಆಚರಣೆ ಎಸಗಿದ್ದರೆ ಅಂತರದ ಪ್ರಶ್ನೆಯೇ ಬರುವುದಿಲ್ಲ. 1971ರಲ್ಲಿ ರಾಯ್‌ಬರೇಲಿಯಿಂದ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ 1975ರ ಜೂನ್ 12ರಂದು ರದ್ದುಪಡಿಸಿದ್ದು ಎರಡೇ ಕಾರಣಗಳಿಗೆ: ಸರ್ಕಾರಿ ಸೇವೆಯಲ್ಲಿದ್ದ ಅಧಿಕಾರಿಯೊಬ್ಬರ ನೆರವು ಪಡೆದದ್ದು, ಸಭೆಗಳ ವೇದಿಕೆ ಮುಂತಾದ ವ್ಯವಸ್ಥೆಗೆ ರಾಜ್ಯ ಸರ್ಕಾರದ ಅಧಿಕಾರಿಗಳನ್ನು ಬಳಸಿಕೊಂಡದ್ದು. ಇಷ್ಟು ಸಣ್ಣ ಕಾರಣಕ್ಕೇ ಎಂದು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಸಣ್ಣದು ದೊಡ್ಡದು ಎಂಬ ತಕ್ಕಡಿಯನ್ನು ಆ ಸೆಕ್ಷನ್ ನ್ಯಾಯಾಧೀಶರ ಕೈಗೆ ಕೊಟ್ಟೇ ಇಲ್ಲ.

ಬೆರಳೆಣಿಕೆಯ ಮತಗಳಿಂದ ಸೋತರೆ ಮರುಎಣಿಕೆ ಹಕ್ಕಲ್ಲವೇ?

ಹಕ್ಕಲ್ಲ. ಎಣಿಕೆಯ ದಿನವೇ ಕಾರಣ ತಿಳಿಸಿ ಚುನಾವಣಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು. ಆ ಹಂತ ದಾಟಿದ ಮೇಲೆ ನ್ಯಾಯಾಲಯದಲ್ಲಿ ನಿರ್ದಿಷ್ಟ ತಪ್ಪನ್ನು ಮೇಲ್ನೋಟಕ್ಕಾದರೂ ತೋರಿಸಬೇಕು. ಮತದ ಗೋಪ್ಯತೆಯನ್ನು ಕೆದಕುವ ಕೆಲಸವಾದ್ದರಿಂದ ಅಂತರ ಕಡಿಮೆ ಎಂಬ ಒಂದೇ ಕಾರಣಕ್ಕೆ ಅನುಮತಿ ಸಿಗುವುದಿಲ್ಲ. ನಮ್ಮಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದೇ ಮತದ ಅಂತರದಿಂದ ನಿರ್ಧಾರವಾಗಿತ್ತು.

ತೀರ್ಪು ಬರುವಷ್ಟರಲ್ಲಿ ಐದು ವರ್ಷ ಮುಗಿದಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಲ್ಲವೇ ಇದು?

ಈ ಆಕ್ಷೇಪಕ್ಕೆ ನನ್ನ ಬಳಿ ಸಮಾಧಾನದ ಉತ್ತರವಿಲ್ಲ. ಅರ್ಜಿಯನ್ನು ದಿನಂಪ್ರತಿ ಆಲಿಸಬೇಕು, ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಎಂದು 86ನೇ ಸೆಕ್ಷನ್ ಹೇಳುತ್ತದೆ. ಆದರೆ ಮುಗಿಸದಿದ್ದರೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಹಾಸನ ಕ್ಷೇತ್ರದ 2019ರ ಲೋಕಸಭಾ ಆಯ್ಕೆಯನ್ನು, ಆಸ್ತಿ ವಿವರವನ್ನು ಸರಿಯಾಗಿ ಘೋಷಿಸಿರಲಿಲ್ಲ ಎಂಬುದೂ ಸೇರಿದ ಕಾರಣಗಳಿಗಾಗಿ ಕರ್ನಾಟಕ ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂತು, 2024ರಲ್ಲಿ ಲೋಕಸಭೆಯ ಅವಧಿಯೇ ಮುಗಿಯಿತು. ಮೇಲೆ ಹೇಳಿದ ರಾಯ್‌ಬರೇಲಿಯ ಪ್ರಕರಣವೂ ನಾಲ್ಕು ವರ್ಷ ತೆಗೆದುಕೊಂಡಿತ್ತು.

ಚುನಾವಣೆ ನಡೆಯುವಾಗ ಬಾಗಿಲು ಮುಚ್ಚುತ್ತೇವೆ, ಮುಗಿದ ಮೇಲೆ ಬೇಗ ತೆರೆಯುತ್ತೇವೆ ಎಂಬುದು 1952ರ ತೀರ್ಪಿನ ಒಳಗಿದ್ದ ಒಪ್ಪಂದ. ಅದರ ಮೊದಲ ಅರ್ಧವನ್ನು ನ್ಯಾಯಾಲಯಗಳು ಶಿಸ್ತಾಗಿ ಪಾಲಿಸುತ್ತಿವೆ. ಎರಡನೆಯ ಅರ್ಧ ಕಾಗದದಲ್ಲಿ ಉಳಿದಿದೆ. ನ್ಯಾಯಾಲಯ ಚುನಾವಣೆಯಲ್ಲಿ ಅತಿಯಾಗಿ ಮೂಗು ತೂರಿಸುತ್ತದೆ ಎಂಬ ದೂರಿಗಿಂತ ಈ ವಿಳಂಬದ ದೂರೇ ಗಂಭೀರವಾದದ್ದೆಂದು ನನ್ನ ಅಭಿಪ್ರಾಯ.

ಪಂಚಾಯಿತಿ, ಪಾಲಿಕೆ ಚುನಾವಣೆಗೂ ಇದೇ ನಿಯಮವೇ?

ತತ್ವ ಒಂದೇ, ದಾರಿ ಬೇರೆ. ಇವುಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. 243ಒ ಮತ್ತು 243ಝಡ್‌ಜಿ ವಿಧಿಗಳು 329ನೇ ವಿಧಿಯಂತೆಯೇ ತಡೆ ಹಾಕುತ್ತವೆ, ತಕರಾರು ಅರ್ಜಿ ಮಾತ್ರ ರಾಜ್ಯದ ಕಾಯ್ದೆ ಗೊತ್ತುಪಡಿಸಿದ ನ್ಯಾಯಾಲಯಕ್ಕೆ ಹೋಗುತ್ತದೆ. ಇಲ್ಲಿನ ದೊಡ್ಡ ಜಗಳ ನಡೆದ ಚುನಾವಣೆಯದಲ್ಲ, ನಡೆಯದ ಚುನಾವಣೆಯದು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತದೆ. ವಾರ್ಡ್ ವಿಂಗಡಣೆ ಮತ್ತು ಮೀಸಲಾತಿ ನೆಪವಾಗಬಾರದೆಂದು ಸುಪ್ರೀಂ ಕೋರ್ಟ್ 2006ರ ಅಹಮದಾಬಾದ್ ಪಾಲಿಕೆ ಪ್ರಕರಣದಲ್ಲಿ ಒತ್ತಿ ಹೇಳಿದೆ. ಆದರೂ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಮುಂದುವರಿದರು. ಆ ಡಿಸೆಂಬರ್‌ನಲ್ಲಿ 198 ವಾರ್ಡ್‌ಗಳಿಗೆ ಚುನಾವಣೆ ನಡೆಸುವಂತೆ ಹೈಕೋರ್ಟ್ ಆದೇಶಿಸಿತ್ತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ತಡೆಯಾಜ್ಞೆ ಬೇಡ ಎಂಬ ಹಳೆಯ ತತ್ವ ಅಧಿಸೂಚನೆಯ ನಂತರದ ಚುನಾವಣೆಯನ್ನು ಕಾಯುತ್ತದೆಯೇ ಹೊರತು ಅಧಿಸೂಚನೆಯೇ ಹೊರಡದ ಚುನಾವಣೆಯನ್ನಲ್ಲ.

## ನಿಯಮವೇ ವಿವಾದವಾದಾಗ

ಮತಯಂತ್ರದ ಮೇಲೆ ಇಷ್ಟು ಅನುಮಾನವಿದ್ದರೂ ಕೋರ್ಟು ಅದನ್ನು ಏಕೆ ನಿಲ್ಲಿಸುವುದಿಲ್ಲ?

ಒಮ್ಮೆ ನಿಲ್ಲಿಸಿತ್ತು. 1982ರಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿ ಮತಯಂತ್ರ ಬಳಸಲಾಯಿತು. 123 ಮತಗಳಿಂದ ಸೋತ ಎ.ಸಿ. ಜೋಸ್ ಪ್ರಶ್ನಿಸಿದಾಗ, ಕಾನೂನು ಮತಪತ್ರ ಎನ್ನುವಾಗ ಆಯೋಗ ತನ್ನಿಷ್ಟದಂತೆ ಯಂತ್ರ ತರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪಿತ್ತು ಆ ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆದೇಶಿಸಿತು. ಮರುಮತದಾನದಲ್ಲಿ ಜೋಸ್ ಗೆದ್ದರು. ಯಂತ್ರ ಕೆಟ್ಟದ್ದೆಂದು ನ್ಯಾಯಾಲಯ ಹೇಳಿರಲಿಲ್ಲ, ಅದಕ್ಕೆ ಕಾನೂನಿನ ಆಧಾರವಿಲ್ಲ ಎಂದಿತ್ತು. ಮುಂದೆ ಸಂಸತ್ತು 61ಎ ಸೆಕ್ಷನ್ ಸೇರಿಸಿ ಆಧಾರ ಒದಗಿಸಿದ ಮೇಲೆ ಆ ವಾದ ಮುಗಿಯಿತು.

ಆಮೇಲಿನ ಪ್ರಶ್ನೆ ಯಂತ್ರ ಬೇಕೇ ಎಂಬುದಲ್ಲ, ಮತದಾರನಿಗೆ ಖಾತರಿ ಹೇಗೆ ಎಂಬುದು. 2013ರ ಅಕ್ಟೋಬರ್‌ನಲ್ಲಿ ಕಾಗದದ ಜಾಡು ಅನಿವಾರ್ಯವೆಂದ ಸುಪ್ರೀಂ ಕೋರ್ಟ್, ಮತ ಯಾರಿಗೆ ಬಿತ್ತೆಂದು ಚೀಟಿಯಲ್ಲಿ ಮುದ್ರಿಸಿ ಮತದಾರನಿಗೆ ತೋರಿಸುವ ವಿವಿಪ್ಯಾಟ್ ಯಂತ್ರವನ್ನು ಹಂತ ಹಂತವಾಗಿ ತರಲು ಸೂಚಿಸಿತು. 2019ರ ಏಪ್ರಿಲ್‌ನಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಒಂದರ ಬದಲು ಐದು ಮತಗಟ್ಟೆಗಳ ಚೀಟಿ ಎಣಿಸಬೇಕೆಂದಿತು. 2024ರ ಏಪ್ರಿಲ್ 26ರಂದು ಮತಪತ್ರಕ್ಕೆ ಮರಳುವ ಬೇಡಿಕೆಯನ್ನೂ ಎಲ್ಲ ಚೀಟಿಗಳನ್ನು ಎಣಿಸುವ ಬೇಡಿಕೆಯನ್ನೂ ತಿರಸ್ಕರಿಸಿ, ಎರಡನೆಯ ಮತ್ತು ಮೂರನೆಯ ಸ್ಥಾನದ ಅಭ್ಯರ್ಥಿಗಳು ಶುಲ್ಕ ಕಟ್ಟಿ ಶೇ 5ರಷ್ಟು ಯಂತ್ರಗಳ ಮೈಕ್ರೋಕಂಟ್ರೋಲರ್ ತಪಾಸಣೆ ಕೇಳಲು ಅವಕಾಶ ಕೊಟ್ಟಿತು. ಪ್ರತಿಸಲವೂ ಒಂದೊಂದು ಬೀಗ ಹೆಚ್ಚಾಯಿತು, ಬಾಗಿಲು ಬದಲಾಗಲಿಲ್ಲ.

ಅಭ್ಯರ್ಥಿಗಳ ಅಫಿಡವಿಟ್, ನೋಟಾ ಎಲ್ಲ ಕೋರ್ಟು ತಂದದ್ದು. ಕಾನೂನು ಮಾಡುವುದು ಸಂಸತ್ತಿನ ಕೆಲಸವಲ್ಲವೇ?

ಇದು ನ್ಯಾಯವಾದ ಪ್ರಶ್ನೆ. ಅಭ್ಯರ್ಥಿಯ ಅಪರಾಧ ಹಿನ್ನೆಲೆ, ಆಸ್ತಿ, ವಿದ್ಯಾರ್ಹತೆಗಳನ್ನು ಬಹಿರಂಗಪಡಿಸಲು 2002ರ ಮೇ 2ರಂದು ಆದೇಶ ನೀಡುವಾಗ ಸುಪ್ರೀಂ ಕೋರ್ಟ್ ತಾನು ಕಾನೂನನ್ನು ತಿದ್ದುತ್ತಿಲ್ಲ, ಖಾಲಿ ಇರುವ ಜಾಗವನ್ನು ತುಂಬಲು ಆಯೋಗಕ್ಕೆ ಹೇಳುತ್ತಿದ್ದೇನೆ ಎಂದು ಸಮರ್ಥಿಸಿಕೊಂಡಿತು. ಮತ ಹಾಕುವ ಹಕ್ಕು ಕಾಯ್ದೆಯದೇ ಇರಬಹುದು, ಆದರೆ ಯಾರಿಗೆ ಹಾಕುತ್ತಿದ್ದೇನೆಂದು ತಿಳಿಯುವುದು 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂಬುದು ಅದರ ತರ್ಕ. ನೋಟಾ ಬಂದದ್ದು ಇನ್ನೊಂದು ಕಾರಣಕ್ಕೆ: ಯಾರಿಗೂ ಮತ ಬೇಡವೆನ್ನುವವರು ಮತಗಟ್ಟೆಯ ವಹಿಯಲ್ಲಿ ಅದನ್ನು ದಾಖಲಿಸಬೇಕಾಗಿತ್ತು, ಆಗ ಗೋಪ್ಯತೆ ಉಳಿಯುತ್ತಿರಲಿಲ್ಲ. 2013ರ ಸೆಪ್ಟೆಂಬರ್ 27ರ ತೀರ್ಪು ಯಂತ್ರದಲ್ಲಿ ಗುಂಡಿ ಕೊಟ್ಟಿತು, ಆದರೆ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ.

ಸಂಯಮ ತೋರಿದ ಸಂದರ್ಭವೂ ಇದೆ. ಗಂಭೀರ ಆರೋಪಗಳಿರುವವರನ್ನು ಶಿಕ್ಷೆಗೆ ಮೊದಲೇ ಕಣದಿಂದ ದೂರವಿಡಿ ಎಂಬ ಬೇಡಿಕೆಯನ್ನು 2018ರಲ್ಲಿ ಸಾಂವಿಧಾನಿಕ ಪೀಠ ಒಪ್ಪಲಿಲ್ಲ; ಹೊಸ ಅನರ್ಹತೆಯನ್ನು ಸೃಷ್ಟಿಸುವುದು ಸಂಸತ್ತಿನ ಕೆಲಸ ಎಂದಿತು.

ಕೋರ್ಟು ಹೇಳಿದ್ದನ್ನು ಸಂಸತ್ತು ಹೊಸ ಕಾನೂನು ತಂದು ಅಳಿಸಿಹಾಕಬಹುದೇ?

ಕೆಲವೊಮ್ಮೆ ಸಾಧ್ಯ, ಕೆಲವೊಮ್ಮೆ ಇಲ್ಲ. ಸೆರೆಯಲ್ಲಿರುವವರು ಮತ ಹಾಕಲಾರರಾದ್ದರಿಂದ ಸ್ಪರ್ಧಿಸಲೂ ಆಗದು ಎಂದು 2013ರ ಜುಲೈ 10ರಂದು ಬಂದ ತೀರ್ಪನ್ನು ಸಂಸತ್ತು ಎರಡೇ ತಿಂಗಳಲ್ಲಿ ತಿದ್ದುಪಡಿಯಿಂದ ನಿವಾರಿಸಿತು. ಅದು ಕಾಯ್ದೆಯ ಅರ್ಥದ ಪ್ರಶ್ನೆ, ಆದ್ದರಿಂದ ಕಾಯ್ದೆ ತಿದ್ದಿದರೆ ಸಾಕಾಯಿತು. ಮುಖ್ಯ ಚುನಾವಣಾ ಆಯುಕ್ತರ ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿಯೂ ಇರುವ ಸಮಿತಿಯನ್ನು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರಚಿಸಿದಾಗ, ಸಂಸತ್ತು ಕಾನೂನು ಮಾಡುವವರೆಗೆ ಎಂಬ ಷರತ್ತು ಅದರಲ್ಲಿಯೇ ಇತ್ತು. ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ಮುಖ್ಯ ನ್ಯಾಯಮೂರ್ತಿಯ ಜಾಗದಲ್ಲಿ ಕೇಂದ್ರ ಸಚಿವರೊಬ್ಬರನ್ನು ಕೂರಿಸಿತು.

ಮೂಲಭೂತ ಹಕ್ಕಿನ ಮೇಲೆ ನಿಂತ ತೀರ್ಪಿಗೆ ಈ ದಾರಿ ಇಲ್ಲ. 2002ರ ಆದೇಶ ಕೊಟ್ಟ ಮಾಹಿತಿಯನ್ನು ಮೊಟಕುಗೊಳಿಸಲು ತಂದ 33ಬಿ ಸೆಕ್ಷನ್ 2003ರ ಮಾರ್ಚ್‌ನಲ್ಲಿ ಬಿದ್ದುಹೋಯಿತು. ಅದಕ್ಕಿಂತ ಗಟ್ಟಿಯಾದ ಪರೀಕ್ಷೆ 1975ರದ್ದು. ಪ್ರಧಾನಿ ಮತ್ತು ಲೋಕಸಭಾಧ್ಯಕ್ಷರ ಆಯ್ಕೆಯನ್ನು ನ್ಯಾಯಾಲಯಗಳ ಕೈಗೆ ಸಿಗದಂತೆ ಮಾಡಿದ 39ನೇ ತಿದ್ದುಪಡಿಗೆ ಆಗಸ್ಟ್ 10ರಂದು ಅಂಕಿತ ಬಿತ್ತು, ರಾಯ್‌ಬರೇಲಿ ತೀರ್ಪಿನ ವಿರುದ್ಧ ಇಂದಿರಾ ಗಾಂಧಿಯವರ ಮೇಲ್ಮನವಿಯ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ಇದ್ದದ್ದು ಮರುದಿನ. ನವೆಂಬರ್ 7ರಂದು ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗವನ್ನು, ಸಂವಿಧಾನದ ಮೂಲ ರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬ ತತ್ವದ ಆಧಾರದಲ್ಲಿ ರದ್ದುಪಡಿಸಿತು. ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರಿನ 1973ರ ತೀರ್ಪು ಕೊಟ್ಟ ಅಸ್ತ್ರ ಅದು. ಆದರೆ ಪೂರ್ವಾನ್ವಯವಾಗಿ ತಿದ್ದಲಾಗಿದ್ದ ಚುನಾವಣಾ ಕಾಯ್ದೆಯನ್ನು ಎತ್ತಿಹಿಡಿದು, ಅದರಡಿ ಇಂದಿರಾ ಗಾಂಧಿಯವರ ಆಯ್ಕೆಯನ್ನೂ ಉಳಿಸಿತು. ತತ್ವದಲ್ಲಿ ಸರ್ಕಾರ ಸೋತಿತು, ಫಲದಲ್ಲಿ ಗೆದ್ದಿತು.

ಕ್ಷೇತ್ರ ಪುನರ್ವಿಂಗಡಣೆಯನ್ನು ಪ್ರಶ್ನಿಸಲು ಆಗುವುದೇ ಇಲ್ಲವೇ?

329(ಎ) ವಿಧಿ ಅದನ್ನು ತಡೆಯುತ್ತದೆ. ಉಜ್ಜಯಿನಿಯನ್ನು ಪರಿಶಿಷ್ಟ ಜಾತಿಗೆ ಮೀಸಲಿಟ್ಟದ್ದನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 1966ರಲ್ಲಿ ಈ ಕಾರಣದಿಂದಲೇ ತಳ್ಳಿಹಾಕಿತ್ತು. 2024ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದು ಬಾಗಿಲನ್ನು ಸ್ವಲ್ಪ ತೆರೆದಿದೆ: ಆದೇಶ ಮೇಲ್ನೋಟಕ್ಕೇ ಮನಸೋಇಚ್ಛೆಯದಾಗಿದ್ದು ಸಂವಿಧಾನದ ಮೌಲ್ಯಗಳಿಗೆ ಹೊಂದದಿದ್ದರೆ ನ್ಯಾಯಾಲಯ ಪರಿಶೀಲಿಸಬಹುದು.

ಕೋರ್ಟು ತಾನೇ ವಿಜೇತರನ್ನು ಘೋಷಿಸಿದ ಉದಾಹರಣೆ ಇದೆಯೇ?

ತಕರಾರು ಅರ್ಜಿಯಲ್ಲಿ ಅರ್ಜಿದಾರರನ್ನೇ ಆಯ್ಕೆಯಾದವರೆಂದು ಘೋಷಿಸುವ ಅಧಿಕಾರ ಕಾಯ್ದೆಯಲ್ಲಿಯೇ ಇದೆ, ಬಳಕೆ ಅಪರೂಪ. ಅದರಾಚೆಗೆ 2024ರ ಚಂಡೀಗಢ ಮೇಯರ್ ಚುನಾವಣೆ ಅಪವಾದವಾಗಿ ನಿಲ್ಲುತ್ತದೆ. ಜನವರಿ 30ರಂದು ಚುನಾವಣಾಧಿಕಾರಿ ಎಂಟು ಮತಪತ್ರಗಳನ್ನು ಅಸಿಂಧುವೆಂದರು. ಅವುಗಳ ಮೇಲೆ ಅವರೇ ಗುರುತು ಹಾಕಿದ್ದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಸುಪ್ರೀಂ ಕೋರ್ಟ್ ಆ ಮತಪತ್ರಗಳನ್ನು ತರಿಸಿಕೊಂಡು ನೋಡಿ, ಫೆಬ್ರವರಿ 20ರಂದು ಪೂರ್ಣ ನ್ಯಾಯ ಒದಗಿಸಲು ಬೇಕಾದ ಆದೇಶ ಹೊರಡಿಸುವ 142ನೇ ವಿಧಿಯ ಅಧಿಕಾರ ಬಳಸಿ ಕುಲದೀಪ್ ಕುಮಾರ್ ಅವರನ್ನು ಮೇಯರ್ ಎಂದು ಘೋಷಿಸಿತು. ಮೂರು ವಾರಗಳಲ್ಲಿ ಮುಗಿದ ಈ ಪ್ರಕರಣ ಸಾಕ್ಷ್ಯ ಕಣ್ಣೆದುರಿಗಿದ್ದರೆ ಎಷ್ಟು ಬೇಗ ತೀರ್ಪು ಸಾಧ್ಯ ಎಂಬುದನ್ನು ತೋರಿಸಿತು. ಎಲ್ಲ ಚುನಾವಣಾಧಿಕಾರಿಗಳೂ ಕ್ಯಾಮೆರಾ ನೋಡುತ್ತ ತಪ್ಪು ಮಾಡುವುದಿಲ್ಲ ಎಂಬುದು ಬೇರೆ ಮಾತು.

ನಿಯಮವೇ ತಪ್ಪು ಎಂದು ಕೋರ್ಟು ಹೇಳಿದರೆ, ಆ ನಿಯಮದಡಿ ಆಗಿಹೋದ ಚುನಾವಣೆಗಳ ಗತಿಯೇನು?

ಸಾಮಾನ್ಯವಾಗಿ ಅವು ಹಾಗೆಯೇ ಉಳಿಯುತ್ತವೆ. ಶಿಕ್ಷೆಗೊಳಗಾದ ಸಂಸದರು ಮತ್ತು ಶಾಸಕರು ಮೇಲ್ಮನವಿ ಹಾಕಿ ಸ್ಥಾನ ಉಳಿಸಿಕೊಳ್ಳಲು ಅವಕಾಶವಿತ್ತ 8(4) ಸೆಕ್ಷನ್ ಅನ್ನು 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ರದ್ದುಪಡಿಸುವಾಗ, ಅಂದಿಗೆ ಮೊದಲೇ ಮೇಲ್ಮನವಿ ಹಾಕಿ ಸ್ಥಾನ ಉಳಿಸಿಕೊಂಡವರಿಗೆ ತೀರ್ಪು ತಟ್ಟದೆಂದು ನ್ಯಾಯಾಲಯವೇ ಹೇಳಿತು. ಕೊಟ್ಟವರ ಹೆಸರು ಬಹಿರಂಗವಾಗದಂತೆ ರಾಜಕೀಯ ಪಕ್ಷಗಳಿಗೆ ದೇಣಿಗೆ ನೀಡಲು ಇದ್ದ ಚುನಾವಣಾ ಬಾಂಡ್‌ಗಳದ್ದು ಇನ್ನೂ ದೊಡ್ಡ ಉದಾಹರಣೆ. ಯೋಜನೆಗೆ ದಾರಿಮಾಡಿದ ತಿದ್ದುಪಡಿಗಳ ವಿರುದ್ಧದ ಅರ್ಜಿ 2017ರಿಂದಲೇ ಸುಪ್ರೀಂ ಕೋರ್ಟಿನಲ್ಲಿತ್ತು, ಮಧ್ಯಂತರ ತಡೆ ಸಿಗಲಿಲ್ಲ. ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರವರಿ 15ರಂದು ಒಮ್ಮತದಿಂದ ಯೋಜನೆಯನ್ನು ಅಸಾಂವಿಧಾನಿಕವೆಂದು ಘೋಷಿಸುವ ಹೊತ್ತಿಗೆ 16,000 ಕೋಟಿ ರೂಪಾಯಿಗೂ ಹೆಚ್ಚಿನ ಬಾಂಡ್‌ಗಳು ಮಾರಾಟವಾಗಿ, ಒಂದು ಲೋಕಸಭಾ ಚುನಾವಣೆಯೂ ಹಲವು ವಿಧಾನಸಭಾ ಚುನಾವಣೆಗಳೂ ಮುಗಿದಿದ್ದವು. ಕೊಟ್ಟವರ ಮತ್ತು ಪಡೆದವರ ವಿವರ ಪ್ರಕಟವಾಯಿತು. ಆ ಚುನಾವಣೆಗಳನ್ನು ಪ್ರಶ್ನಿಸಲು ಇದ್ದ 45 ದಿನಗಳು ಎಂದೋ ಕಳೆದಿದ್ದವು.